ಮಾಣಿ ಬಿಚ್ಚಿದ ಬೆಲ್ಟ್

ತೀರ್ಥಹಳ್ಳಿ
ಆಷಾಢದ ಕೊನೆಯ ವಾರ

ಚಿ. ಸೌ. ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಇತ್ತ ನಾವೆಲ್ಲ ಕ್ಷೇಮ. ಹನ್ನೊಂದು ದಿನಗಳಿಂದ ಮಳೆ ಬಿಟ್ಟಿಲ್ಲ. ಮೈಲುತುತ್ತ, ಸುಣ್ಣ ಎರಡನ್ನೂ ತಂದಿಟ್ಟುಕೊಂಡು, ಅಡಿಕೆ ತೋಟಕ್ಕೆ ಎರಡನೆಯ ಸಲ ಔಷಧಿ ಹೊಡೆಸಲು ಹೊಳವಿಗಾಗಿ ಕಾಯುತ್ತಿದ್ದೇವೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ದಿನಕ್ಕೊಮ್ಮೆ ಬಂದು ಆಕಾಶ ನೋಡಿ, ಕಾಫಿ ಕುಡಿದು ಹೋಗುತ್ತಾನೆ. ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು, ಆದ್ದರಿಂದ ಈ ಕಾಗದ. ನಿಜ ಹೇಳುವುದಾದರೆ, ಫೋನಿನಲ್ಲಿ ನೀನು ಅತ್ತುಬಿಟ್ಟರೆ ನಾನು ಹೇಳಬೇಕಾದದ್ದನ್ನು ಅರ್ಧಕ್ಕೇ ನುಂಗಿಬಿಡುತ್ತೇನೆ.

ನಿನ್ನ ಮಗ ಮಾಣಿ ತನ್ನ ತರಗತಿಯ ಹುಡುಗನಿಗೆ ಹೊಡೆದದ್ದು, ಆ ಮಗುವಿನ ಕಿವಿಯ ಹತ್ತಿರ ಮೂರು ಹೊಲಿಗೆ ಬಿದ್ದದ್ದು, ಶಾಲೆಯವರು ನಿನ್ನನ್ನು ಕರೆಸಿ "ಎಲ್ಲ ಆ ಬಂದೂಕಿನ ಆಟದಿಂದಲೇ" ಎಂದದ್ದು, ನೀನು ಮನೆಗೆ ಬಂದವಳೇ ಮೊಬೈಲನ್ನು ಬಟ್ಟೆ ಒಗೆಯುವ ಕಲ್ಲಿಗೆ ಅಪ್ಪಳಿಸಿದ್ದು, ಎಲ್ಲವನ್ನೂ ಕೇಳಿದೆ. "ಇನ್ನು ಸರಿಹೋಗುತ್ತದಲ್ಲ ಮಾವ?" ಎಂದು ಕೇಳಿದೆಯಲ್ಲ, ಆಗ ನಾನು ಉತ್ತರಿಸಲಿಲ್ಲ. ಈಗ ಉತ್ತರಿಸುತ್ತೇನೆ.

ನಾನು 31 ವರ್ಷ ನ್ಯಾಯಾಲಯದ ಕಚೇರಿಯಲ್ಲಿ ಕಡತ ಹೊತ್ತವನು. ಅದರಲ್ಲಿ ಎಷ್ಟೋ ವರ್ಷ, ಮೊಕದ್ದಮೆಗಳಲ್ಲಿ ವಶಪಡಿಸಿಕೊಂಡ ವಸ್ತುಗಳನ್ನಿಡುವ ಮುದ್ದೆಮಾಲು ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ಒಳಗೆ ಇದ್ದದ್ದು ಕತ್ತಿ, ಗುದ್ದಲಿಯ ಕಾವು, ಬೇಲಿಯ ಗೂಟ, ಒಂದೆರಡು ನಾಡಕೋವಿ. ಪ್ರತಿಯೊಂದಕ್ಕೂ ಒಂದು ಚೀಟಿ, ಒಂದು ಮೊಕದ್ದಮೆಯ ಸಂಖ್ಯೆ. ದೋಷಾರೋಪ ಪಟ್ಟಿ ಬಿಡಿಸಿದರೆ ಕಾರಣಗಳು ಅವವೇ: ತೋಟದ ಅಗಳ, ನೀರಿನ ಸರದಿ, ದಾಯಾದಿಗಳ ಪಾಲು, ಕುಡಿತ, ಹೆಂಡತಿಯ ಮೇಲಿನ ಸಂಶಯ. ಆ ಮನುಷ್ಯರಲ್ಲಿ ಬಹುಪಾಲು ಜನ ವಿಡಿಯೋ ಗೇಮ್ ಎಂಬ ಶಬ್ದವನ್ನೇ ಕೇಳಿರಲಿಲ್ಲ. ಅದು ಹಳೆಯ ಕಾಲ, ಈಗಿನ ಮಕ್ಕಳಿಗೆ ಈಗಿನ ಕಾರಣ ಎಂದು ನೀನು ಹೇಳಬಹುದು. ಅದಕ್ಕೇ, ಶಿವಮೊಗ್ಗದಲ್ಲಿ ವಕೀಲಿ ಮಾಡುವ ನಮ್ಮ ಪರಿಚಯದ ಹುಡುಗನಿಂದ ಒಂದಷ್ಟು ಕಾಗದಪತ್ರ ತರಿಸಿಕೊಂಡು ಓದಿದೆ. ಮಳೆಗಾಲದಲ್ಲಿ ನನಗೆ ಬೇರೆ ಕೆಲಸವಾದರೂ ಏನಿದೆ!

ಅಮೆರಿಕದ ಕ್ಯಾಲಿಫೋರ್ನಿಯಾದವರು, ಹಿಂಸೆಯ ಆಟಗಳನ್ನು 18 ವರ್ಷದೊಳಗಿನವರಿಗೆ ಮಾರಬಾರದು ಎಂದು ಕಾನೂನು ಮಾಡಿದ್ದರು. 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7-2ರ ಬಹುಮತದಲ್ಲಿ ಅದನ್ನು ರದ್ದು ಮಾಡಿತು. ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ, ನಾವು ಮಕ್ಕಳಿಗೆ ಹೇಳುವ ಅಜ್ಜಿಕಥೆಗಳಲ್ಲೇ ರಕ್ತಪಾತ ಎಷ್ಟಿದೆ ನೋಡಿ ಎನ್ನುತ್ತಾರೆ; ಮಕ್ಕಳು ಮುದುಕಿಯನ್ನು ಒಲೆಗೆ ತಳ್ಳಿ ಸುಡುವ ಕಥೆಯನ್ನೂ ನೆನಪಿಸುತ್ತಾರೆ. ಸರ್ಕಾರ ಮುಂದಿಟ್ಟ ಅಧ್ಯಯನಗಳು ಆಟದಿಂದಲೇ ಹಿಂಸೆ ಹುಟ್ಟುತ್ತದೆ ಎಂದು ಸಾಬೀತು ಮಾಡುವುದಿಲ್ಲ ಎಂದೂ ಹೇಳುತ್ತಾರೆ. ಅದನ್ನು ಓದುವಾಗ ನನಗೆ ನೀನೇ ನೆನಪಾದೆ.

ನಮ್ಮಲ್ಲಿ ಆಟ ಎಂದರೆ ಯಕ್ಷಗಾನವೇ ತಾನೆ? ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗದ್ದೆಬಯಲಿನ ಆಟಕ್ಕೆ ಕರೆದುಕೊಂಡು ಹೋಗಿದ್ದೆ. ಬೆಳಗಿನ ಜಾವ ಭೀಮ ದುಶ್ಶಾಸನನ ಎದೆ ಬಗೆದ, ಬಾಯಿಯೆಲ್ಲ ಕೆಂಪು. ನೀನು ನನ್ನ ಶಾಲಿನೊಳಗೆ ಮುಖ ಹುದುಗಿಸಿಕೊಂಡೆ, ಆದರೆ ಒಂದು ಕಣ್ಣು ಹೊರಗೇ ಇತ್ತು. ಮರುದಿನ ಅಡಿಕೆ ಹಾಳೆಯ ಕಿರೀಟ ಕಟ್ಟಿಕೊಂಡು, ಅಣ್ಣನನ್ನು ಅಂಗಳದಲ್ಲಿ ಕೆಡವಿ, ಅವನ ಅಂಗಿಗೆ ಕುಂಕುಮದ ನೀರು ಸುರಿದವಳು ನೀನು. ಅತ್ತೆ ಬೈದದ್ದು ಅಂಗಿ ಹಾಳಾಯಿತೆಂದು.

ಹಾಗೆಂದು ಮಾಣಿಯ ಆಟವೂ ಯಕ್ಷಗಾನವೂ ಒಂದೇ ಎಂದು ನಾನು ವಾದಿಸುವುದಿಲ್ಲ. ಆ ಆಟಕ್ಕೆ ಬೆಳಗಾಗುತ್ತಿತ್ತು, ಮೇಳ ಪೆಟ್ಟಿಗೆ ಕಟ್ಟಿಕೊಂಡು ಮುಂದಿನ ಊರಿಗೆ ಹೋಗುತ್ತಿತ್ತು. ಇದಕ್ಕೆ ಮಂಗಳವೇ ಇಲ್ಲ. ನಿನ್ನ ಪಕ್ಕದಲ್ಲಿ ನಾನಿದ್ದೆ. ರಾತ್ರಿ ಒಂದು ಗಂಟೆಗೆ ಹೊದಿಕೆಯೊಳಗೆ ಅವನ ಪಕ್ಕದಲ್ಲಿ ಯಾರಿದ್ದರು?

ಬೇಸಿಗೆ ರಜೆಯಲ್ಲಿ ಅವನು ಇಲ್ಲಿಗೆ ಬಂದಾಗ ನಾನೂ ಆಡಿದ್ದೆ, ನಿನಗೆ ಹೇಳಿರಲಿಲ್ಲ. ವಿಮಾನದಿಂದ ನೂರು ಜನ ದ್ವೀಪದ ಮೇಲೆ ಹಾರುತ್ತಾರೆ, ಸುತ್ತಲಿನ ವೃತ್ತ ಕಿರಿದಾಗುತ್ತಾ ಬರುತ್ತದೆ, ಕೊನೆಗೆ ಉಳಿದವರು ಗೆದ್ದಂತೆ. ನಾನು ಇಳಿದ ಒಂದೇ ನಿಮಿಷಕ್ಕೆ ಸತ್ತೆ. "ಅಜ್ಜ, ಇದರಲ್ಲಿ ರಕ್ತ ಹಸಿರು, ಭಯಪಡಬೇಡಿ" ಎಂದು ಸಮಾಧಾನ ಹೇಳಿದ. ಅವನ ಮನಸ್ಸು ಇದ್ದದ್ದು ಕೊಲ್ಲುವುದರಲ್ಲಲ್ಲ. ಜೊತೆಗಾರರಾದ ಮೂವರು ಹುಡುಗರಲ್ಲಿ ಒಬ್ಬ ಹಾಸನದವನು, ಒಬ್ಬ ಹುಬ್ಬಳ್ಳಿಯವನು; ಅವರೆಲ್ಲ ಇವನ ಮಾತು ಕೇಳುತ್ತಿದ್ದರು. ಅಷ್ಟು ಆಸ್ಥೆಯಿಂದ ಅವನ ಮಾತು ಕೇಳುವವರನ್ನು ನಾನು ನಿಮ್ಮ ಮನೆಯಲ್ಲಿ ಕಂಡಿಲ್ಲ. ಇದನ್ನು ಓದಿ ನಿನಗೆ ಬೇಸರವಾದರೆ ಆಗಲಿ.

2019ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಬ್ರಿಟನ್ನಿನ 14-15 ವರ್ಷದ 1,004 ಮಕ್ಕಳನ್ನೂ ಅವರನ್ನು ಸಾಕುವವರನ್ನೂ ಮಾತನಾಡಿಸಿ ನೋಡಿದರು. ಹಿಂಸೆಯ ಆಟ ಆಡುವ ಹೊತ್ತಿಗೂ ಮಕ್ಕಳ ಆಕ್ರಮಣದ ಸ್ವಭಾವಕ್ಕೂ ಸಂಬಂಧ ಕಾಣಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಸ್ವಲ್ಪ ಬೇರೆ ಮಾತು ಹೇಳಿದೆ: ಕಿರುಚಾಟ, ನೂಕಾಟದಂಥ ಒರಟುತನಕ್ಕೆ ಚಿಕ್ಕದೊಂದು ನಂಟು ಇದೆ, ಆದರೆ ನಿಜವಾದ ಹಿಂಸಾಚಾರಕ್ಕೆ ಆಟವೇ ಕಾರಣ ಎನ್ನಲು ಆಧಾರ ಸಾಲದು; ಹಾಗೆ ದೂರುತ್ತಾ ಕುಳಿತರೆ ಬೇರೆ ಕಾರಣಗಳು ಕಣ್ಣಿಗೆ ಬೀಳದೆ ಹೋಗುತ್ತವೆ. ನನಗೆ ಈ ಕೊನೆಯ ಮಾತು ಸರಿ ಎನಿಸಿತು. ನಮ್ಮ ದೇಶದಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾದದ್ದು ಹಿಂಸೆಗಾಗಿ ಎಂದು ನೀನು ಅಂದುಕೊಂಡಿದ್ದೀಯ. ಅಲ್ಲ. ದೇಶದ ಭದ್ರತೆ, ಜನರ ಮಾಹಿತಿ ಹೊರಗೆ ಹೋಗುವುದು ಎಂಬ ಕಾರಣಕ್ಕೆ 118 ಆ್ಯಪ್‌ಗಳನ್ನು ಒಟ್ಟಿಗೆ ತಡೆದರು. ಮರುವರ್ಷ ಅದೇ ಆಟ ಬೇರೆ ಹೆಸರಿನಲ್ಲಿ ಬಂತು; ಮಾಣಿ ಆಡುವುದು ಅದನ್ನೇ.

ಬೆಳಗಾವಿಯ ಸುದ್ದಿ ನಿನ್ನನ್ನು ಕಾಡುತ್ತಿದೆ ಎಂದು ಗೊತ್ತು. 2019ರಲ್ಲಿ ಮಗ ತಂದೆಯನ್ನೇ ಕೊಂದ ಆ ಘಟನೆ. ಅದನ್ನು ನಾನೂ ಮರೆತಿಲ್ಲ. ಆದರೆ ಆಗ ಬಂದ ವರದಿಗಳನ್ನು ನೆನಪಿಸಿಕೊ. ಜಗಳ ಹೊತ್ತಿಕೊಂಡದ್ದು ಮೊಬೈಲ್ ಆಡಬೇಡ ಎಂದಾಗ. ಮೊಬೈಲ್ ಕಿತ್ತುಕೊಳ್ಳುವ ಆ ಗಳಿಗೆ ಬೆಂಕಿಯ ಗಳಿಗೆ, ಅದನ್ನು ಹೇಗೆ ದಾಟಬೇಕೆಂದು ಕಲಿಯಬೇಕಾದವರು ನಾವು. ಆಟದ ಮಧ್ಯೆ ಎಬ್ಬಿಸಿದರೆ ಅವನು ಜೊತೆಗಾರರ ಎದುರು ಹೇಡಿಯಾಗುತ್ತಾನೆ. ಒಂದು ಸುತ್ತು ಮುಗಿಯಲು ಹೆಚ್ಚೆಂದರೆ ಅರ್ಧ ಗಂಟೆ. ಆರಂಭಿಸುವ ಮೊದಲೇ "ಇದೊಂದು" ಎಂದು ಒಪ್ಪಿಸು, ಮುಗಿದ ಮೇಲೆ ಕೈ ಚಾಚು. 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ ಎಂದು ಕಂಪನಿಯವರೇ ಮಿತಿ ಹಾಕಿದ್ದಾರಂತೆ; ನಿನ್ನ ಮಗ ತಾನು 1982ರಲ್ಲಿ ಹುಟ್ಟಿದ್ದೇನೆ ಎಂದು ಬರೆದುಕೊಂಡಿದ್ದಾನೆ! ರಾತ್ರಿ ಊಟದ ನಂತರ ಮೊಬೈಲ್ ದೇವರ ಕೋಣೆಯಲ್ಲಿರಲಿ. ನಿನ್ನದೂ, ನಿನ್ನ ಯಜಮಾನರದೂ.

ಇಷ್ಟಾದರೂ ಊಟ, ನಿದ್ದೆ, ಓದು, ಗೆಳೆಯರು ಯಾವುದೂ ಬೇಡವಾಗಿ ಆಟವೊಂದೇ ಉಳಿದರೆ ಅದು ಬೇರೆ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಆ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಮೊಬೈಲ್, ಇಂಟರ್ನೆಟ್, ಆಟಗಳ ಗೀಳಿಗೆಂದೇ ಶಟ್ ಕ್ಲಿನಿಕ್ ಇದೆ. ಮಾಣಿ ಅಲ್ಲಿಯವರೆಗೆ ಹೋಗಿಲ್ಲ ಎಂದು ನನ್ನ ಅಂದಾಜು.

ಈಗ ನಾನು ಸುತ್ತಿ ಬಳಸಿ ತಪ್ಪಿಸಿಕೊಳ್ಳುತ್ತಿದ್ದ ಮಾತು. ಅವನು ಆ ಹುಡುಗನಿಗೆ ಹೊಡೆದದ್ದು ಬೆಲ್ಟ್ ಬಿಚ್ಚಿ, ಕೈಗೆ ಎರಡು ಸುತ್ತು ಸುತ್ತಿಕೊಂಡು, ಬಕಲ್ ಇರುವ ತುದಿಯಿಂದ. ನೀನೇ ಹೇಳಿದ್ದು. ಪುಟ್ಟಿ, ಅವನ ಆಟದಲ್ಲಿ ಬಂದೂಕಿದೆ, ಬಾಂಬಿದೆ, ಬಾಣಲೆಯಿಂದ ಹೊಡೆಯುವುದೂ ಇದೆ. ಬೆಲ್ಟ್ ಬಿಚ್ಚಿ ಸುತ್ತಿಕೊಳ್ಳುವವರು ಯಾರೂ ಇಲ್ಲ. ಅದನ್ನು ಅವನು ನಿಮ್ಮ ನಡುಮನೆಯಲ್ಲಿ ನೋಡಿದ್ದಾನೆ. ಹೋದ ದೀಪಾವಳಿಗೆ ನಾನೂ ನೋಡಿದೆ, ನೋಡಿಯೂ ಜಗುಲಿಗೆ ಹೋಗಿ ಎಲೆಯಡಿಕೆಯ ತಟ್ಟೆ ಎಳೆದುಕೊಂಡು ಕುಳಿತೆ.

ಅಳಿಯಂದಿರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ನನ್ನ ಕೈಯ ಲಕ್ಕಿ ಬರಲಿನ ಬಾಸುಂಡೆ ನಿನ್ನ ಅಣ್ಣನ ಕಾಲಿನ ಮೇಲೆ ಎಷ್ಟು ದಿನ ಇತ್ತೆಂದು ಅವನನ್ನೇ ಕೇಳು. ಆಗ ಅದನ್ನು ಶಿಸ್ತು ಎನ್ನುತ್ತಿದ್ದೆವು. ಮುದ್ದೆಮಾಲು ಕೋಣೆಗೆ ಬೀಗ ಹಾಕಿ ಮನೆಗೆ ಬಂದು ಅದನ್ನೇ ಮಾಡುತ್ತಿದ್ದೆ ಎಂಬುದು ನನಗೆ ಹೊಳೆದದ್ದು ನಿವೃತ್ತಿಯ ನಂತರ.

ಆ ಹುಡುಗ ಏನೆಂದು ಅಣಕಿಸಿದ, ಮಾಣಿಗೆ ಯಾಕೆ ಅಷ್ಟು ಸಿಟ್ಟು ಬಂತು ಎಂದು ಯಾರಾದರೂ ಕೇಳಿದಿರಾ? ನೀನು ಕೇಳು. ಊಟ ಬಡಿಸುವಾಗ ಬೇಡ, ಅಪ್ಪನ ಎದುರಿಗಂತೂ ಬೇಡವೇ ಬೇಡ. ತುಂಗೆಯ ದಂಡೆಯ ಕಡೆ ನಡೆದು ಹೋಗುವಾಗ ಕೇಳು. ಹೊಲಿಗೆ ಬಿದ್ದ ಮಗುವಿನ ಮನೆಗೆ ಅವನನ್ನು ಕರೆದುಕೊಂಡು ಹೋಗಿ ಬಾ, ಆಸ್ಪತ್ರೆಯ ಖರ್ಚು ಕೊಟ್ಟು ಬಾ. ತಪ್ಪು ಆಟದ್ದಲ್ಲ ಎಂದರೆ ಅವನದು ಏನೂ ಇಲ್ಲ ಎಂದಲ್ಲ.

ಒಡೆದ ಮೊಬೈಲನ್ನು ಎಸೆಯಬೇಡ, ಪರದೆ ಹಾಕಿಸಿದರೆ ಆದೀತು. ಈ ಕಾಗದವನ್ನು ಯಜಮಾನರಿಗೆ ತೋರಿಸಬೇಡ. ಅವರ ಜೊತೆ ಮಾತನಾಡುವುದು ನನ್ನ ಕೆಲಸ, ದೀಪಾವಳಿಯಂದೇ ಮಾಡಬೇಕಾಗಿದ್ದ ಕೆಲಸ. ಹೊಳವು ಸಿಕ್ಕಿ ಔಷಧಿ ಮುಗಿದರೆ ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಸಿಗದಿದ್ದರೂ ಹೊರಡುತ್ತೇನೆ. ಅತ್ತೆ ಅಪ್ಪೆಮಿಡಿಯ ಜಾಡಿ ಕಟ್ಟಿಟ್ಟಿದ್ದಾಳೆ. ಹೋದ ಸಲದ ಖಾಲಿ ಜಾಡಿಯನ್ನು ತೊಳೆದು ಒಣಗಿಸಿಡು.

ನಿನ್ನ ಸೋದರಮಾವ