ಬುತ್ತಿ ಬಿಚ್ಚಿಟ್ಟು ಗೆಲಾಕ್ಸಿಯ ಮಾತು

ದಾವಣಗೆರೆ

ಪ್ರಿಯ ಗೆಳೆಯಾ,

ನಮ್ಮ ವಿಭಾಗದಲ್ಲಿ ಪ್ರತಿ ಬುಧವಾರ ಊಟದ ಹೊತ್ತಿಗೆ ನಡೆಯುವ ಗೆಲಾಕ್ಸಿ ಮಾತುಕತೆಯ ಬಗ್ಗೆ ವಿವರವಾಗಿ ಬರೆಯುವಂತೆ ನೀನು ಕೇಳಿದ್ದೆ. ಅದಕ್ಕೆ ವೇದಿಕೆಯಿಲ್ಲ, ಸ್ವಾಗತ, ವಂದನಾರ್ಪಣೆಗಳಿಲ್ಲ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಬಿಚ್ಚಿಕೊಂಡು ಒಂದೇ ಮೇಜಿನ ಸುತ್ತ ಕೂರುತ್ತೇವೆ. ಯಾರಾದರೊಬ್ಬರು ಆ ವಾರ ಓದಿದ ಪ್ರಬಂಧವನ್ನೋ, ಇನ್ನೂ ಮುಗಿಯದ ತಮ್ಮ ಲೆಕ್ಕವನ್ನೋ ಎಲ್ಲರ ಮುಂದಿಡುತ್ತಾರೆ. ಮುಗಿಯದ ಕೆಲಸವನ್ನು ಸಂಕೋಚವಿಲ್ಲದೆ ತೋರಿಸಬಹುದು ಎಂಬುದೇ ಇದರ ದೊಡ್ಡ ಗುಣವೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಕಿರಿಯರು ಬಾಯಿ ಬಿಟ್ಟು ಕೇಳುವುದು ಅಲ್ಲಿಯೇ.

ಕಳೆದ ವಾರ ಎಂ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು, ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿರುವ ಎನ್‌ಜಿಸಿ 3198 ಎಂಬ ಗೆಲಾಕ್ಸಿ ತನ್ನ ಕೇಂದ್ರದಿಂದ ಎಷ್ಟು ದೂರದಲ್ಲಿ ಎಷ್ಟು ವೇಗವಾಗಿ ಸುತ್ತುತ್ತದೆ ಎಂಬ ಗ್ರಾಫನ್ನು ತಂದಿದ್ದಳು. ಅಂಕಿಗಳು 175 ಗೆಲಾಕ್ಸಿಗಳ ಅಳತೆಗಳಿರುವ, 2016ರಲ್ಲಿ ಪ್ರಕಟವಾದ ಸ್ಪಾರ್ಕ್ ಸಂಗ್ರಹದವು. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ನಕ್ಷತ್ರಗಳ ಬೆಳಕು ಕ್ಷೀಣಿಸಿದ ಮೇಲೂ ಜಲಜನಕ ಬಹುದೂರ ಹರಡಿರುವುದರಿಂದ, ಅದು ಹೊರಸೂಸುವ 21 ಸೆಂ.ಮೀ. ರೇಡಿಯೊ ಅಲೆಗಳ ಮೂಲಕ ಅಲ್ಲಿನ ವೇಗವನ್ನು ಅಳೆಯುತ್ತಾರೆ. ಕಾಣುವ ದ್ರವ್ಯವಷ್ಟೇ ಇದ್ದಿದ್ದರೆ ಹೊರಗೆ ಹೋದಂತೆ ವೇಗ ಇಳಿಯಬೇಕಿತ್ತು. ಆದರೆ ಅದು ಸೆಕೆಂಡಿಗೆ ಸುಮಾರು 150 ಕಿ.ಮೀ.ನ ಆಸುಪಾಸಿನಲ್ಲೇ ನಿಲ್ಲುತ್ತದೆ. ವೇಗ ಏಕೆ ಇಳಿಯುವುದಿಲ್ಲ ಎಂಬುದು, ಅಮೆರಿಕದ ಖಗೋಳವಿಜ್ಞಾನಿಗಳಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ಆಂಡ್ರೊಮಿಡಾ ಗೆಲಾಕ್ಸಿಯ ಬಗ್ಗೆ ಪ್ರಕಟಿಸಿದ ಅಳತೆಗಳಿಂದ ಬೆಳೆದುಬಂದ ಪ್ರಶ್ನೆ.

ಆಗ ಬಿ.ಎಸ್ಸಿ. ಓದುವ ಹುಡುಗನೊಬ್ಬ, "ಅಕ್ಕ, ಆ ಗೆಲಾಕ್ಸಿ ಎಷ್ಟು ಓರೆಯಾಗಿದೆ ಅಂತ ಹೇಗೆ ಗೊತ್ತಾಯಿತು?" ಎಂದು ಕೇಳಿದ. ಅವಳು ಡಬ್ಬಿಯ ಮುಚ್ಚಳವನ್ನು ಎತ್ತಿ ನಿಧಾನವಾಗಿ ವಾಲಿಸುತ್ತ ಹೋದಳು, ದುಂಡಗಿದ್ದದ್ದು ಅಂಡಾಕಾರವಾಯಿತು. ಅದರ ಉದ್ದ ಅಗಲಗಳ ಅನುಪಾತದಿಂದ ಓರೆ ತಿಳಿಯುತ್ತದೆ. ಅಲೆಯ ಮೂಲ ಹತ್ತಿರ ಬಂದಾಗ ಅಥವಾ ದೂರ ಸರಿದಾಗ ಅಲೆಯುದ್ದ ಬದಲಾಗುವ ಡಾಪ್ಲರ್ ಪರಿಣಾಮ ನಮ್ಮ ಕಡೆಗೆ ಬರುವ ಅಥವಾ ನಮ್ಮಿಂದ ದೂರ ಸರಿಯುವ ವೇಗವನ್ನಷ್ಟೇ ಹೇಳುವುದರಿಂದ, ನಮಗೆ ಪೂರ್ತಿ ಮುಖ ತೋರುವ ಗೆಲಾಕ್ಸಿಯ ತಿರುಗಾಟ ಕಾಣುವುದೇ ಇಲ್ಲ; 30 ಡಿಗ್ರಿ ವಾಲಿದ್ದರೆ ನಿಜ ವೇಗದ ಅರ್ಧ ಮಾತ್ರ ಕಾಣುತ್ತದೆ. ಈ ವೇಗದಿಂದ ಗೆಲಾಕ್ಸಿಯ ದ್ರವ್ಯರಾಶಿ ಕಂಡುಹಿಡಿಯುವ ಲೆಕ್ಕದಲ್ಲಿ ವೇಗದ ವರ್ಗ ಬರುವುದರಿಂದ, ಈ ಓರೆಯನ್ನು ಮರೆತರೆ ಉತ್ತರ ನಾಲ್ಕನೆಯ ಒಂದು ಪಾಲಿಗೆ ಇಳಿದುಬಿಡುತ್ತದೆ. ಎನ್‌ಜಿಸಿ 3198 ಸುಮಾರು 70 ಡಿಗ್ರಿ ವಾಲಿರುವುದರಿಂದ ಅದರ ತಿದ್ದುಪಡಿ ಚಿಕ್ಕದು. ಈ ಚರ್ಚೆ ಪೂರ್ತಿ ಕನ್ನಡದಲ್ಲೇ ನಡೆಯಿತು; ಇಂಗ್ಲಿಷಿನಲ್ಲಾಗಿದ್ದರೆ ಆ ಹುಡುಗ ಕೇಳುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕೆಲವು ಗೆಲಾಕ್ಸಿಗಳ ಜಲಜನಕದ ತಟ್ಟೆ ಅಂಚಿನಲ್ಲಿ ಬಾಗಿರುತ್ತದೆ. ಅಂಥಲ್ಲಿ ಓರೆ ಒಂದೇ ಆಗಿರದೆ ಉಂಗುರದಿಂದ ಉಂಗುರಕ್ಕೆ ಬದಲಾಗುತ್ತದೆ. ಈ ವಾರ ಅದನ್ನೇ ಎತ್ತಿಕೊಳ್ಳುತ್ತಿದ್ದೇವೆ. ನಿನ್ನ ಕಾಲೇಜಿನ ಮಕ್ಕಳನ್ನೂ ಕರೆದುಕೊಂಡು ಬಾ. ಬೆಳಿಗ್ಗೆ ಚಿತ್ರದುರ್ಗದಲ್ಲಿ ಬಸ್ಸು ಹತ್ತಿದರೆ ಊಟಕ್ಕೆ ಮುಂಚೆಯೇ ಇಲ್ಲಿರುತ್ತೀರಿ. ಲ್ಯಾಪ್‌ಟಾಪ್ ಇದ್ದವರು ತರಲಿ, ಅಂಕಿಗಳನ್ನು ಅಲ್ಲೇ ಇಳಿಸಿಕೊಂಡು ಲೆಕ್ಕ ಹಾಕೋಣ.

ಇಂತಿ ನಿನ್ನ ಗೆಳೆಯ