ಮಿಶ್ರಛಾಪುವಿಗೊಂದು ಬಹಿರಂಗ ಪತ್ರ

ಪ್ರೀತಿಯ ಮಿಶ್ರಛಾಪು,

ಮೊನ್ನೆ ಫೋನಿನಲ್ಲಿ ನೀನು "ಶಿವಮೊಗ್ಗದಲ್ಲಿ ಈಗಲೂ ಸಂಗೀತ ಕಛೇರಿ ಗಿಛೇರಿ ಆಗುತ್ತೇನೋ, ಜನ ಬರ್ತಾರಾ?" ಎಂದು ಕೇಳಿದೆ. ನಾನು "ಹೂಂ, ಆಗುತ್ತೆ" ಎಂದು ಮುಗಿಸಿದೆ. ಕುಕ್ಕರ್ ಕೂಗುತ್ತಿತ್ತು. ನಿಜವಾದ ಉತ್ತರ ಅಷ್ಟು ಚಿಕ್ಕದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನಗೊಬ್ಬನಿಗೇ ಕಳಿಸಬಹುದಿತ್ತು. ಆದರೆ ನಿನಗೊಬ್ಬನಿಗೇ ಕಳಿಸಿದ್ದನ್ನು ನೀನು ಓದುವುದಿಲ್ಲ. ನಾಲ್ಕು ಜನ ನೋಡುತ್ತಿದ್ದಾರೆ ಎಂದರೆ ಮಾತ್ರ ಓದುತ್ತೀಯ. ಕೊಡೆ ಪ್ರಕರಣದಲ್ಲೇ ಇದು ಸಾಬೀತಾಗಿದೆ. ಉಳಿದ ಓದುಗರು ದಯವಿಟ್ಟು ಕೊಡೆಯ ಬಗ್ಗೆ ಕೇಳಬಾರದು.

ಕಛೇರಿ ಆಗುತ್ತೆ ಕಣೋ. ರಾಮನವಮಿಗೆ ಆಗುತ್ತೆ, ಗಣಪತಿ ಕೂರಿಸಿದಲ್ಲಿ ಆಗುತ್ತೆ, ಪುಷ್ಯ ಬಹುಳ ಪಂಚಮಿಯ ಆಸುಪಾಸಿನಲ್ಲಿ ತ್ಯಾಗರಾಜರ ಆರಾಧನೆ ಆಗುತ್ತೆ. ಅವರ ಐದು ಪಂಚರತ್ನ ಕೃತಿಗಳನ್ನು ಎಲ್ಲರೂ ಸೇರಿ ಹಾಡುವ ದಿನ ವೇದಿಕೆಯ ಮೇಲೆ ಕೂತವರು ಕೆಳಗೆ ಕೂತವರಿಗಿಂತ ಜಾಸ್ತಿ. ಮೊದಲ ರಾಗ ನಾಟ ಶುರುವಾದಾಗ ಎಲ್ಲರ ಗಂಟಲೂ ಗಟ್ಟಿ. ಗೌಳಕ್ಕೆ ಬರುವಾಗ ಅರ್ಧ ಜನ ಪುಸ್ತಕದ ಪುಟ ಹುಡುಕುತ್ತಿರುತ್ತಾರೆ. ವರಾಳಿಯಲ್ಲಿ ಮೈಕಿನ ಹತ್ತಿರ ಇರುವ ಇಬ್ಬರದೇ ರಾಜ್ಯ. ಶ್ರೀರಾಗಕ್ಕೆ ಮತ್ತೆ ಎಲ್ಲರೂ ವಾಪಸ್. ನೀನಿದ್ದಾಗಲೂ ಹೀಗೇ ಇತ್ತು, ಏನೂ ಬದಲಾಗಿಲ್ಲ.

ಪಾಠಕ್ಕೂ ಕೊರತೆಯಿಲ್ಲ. ಸಂಜೆ ಯಾವ ಬಡಾವಣೆಯಲ್ಲಿ ನಡೆದರೂ ಒಂದು ಮನೆಯಿಂದ ಮಾಯಾಮಾಳವಗೌಳದ ಸರಳೆ ಕೇಳುತ್ತದೆ. ಗೇಟಿನ ಹೊರಗೆ ಸ್ಕೂಟಿಯ ಮೇಲೆ ಕೂತ ತಾಯಂದಿರು, ಕೈಯಲ್ಲಿ ಮೊಬೈಲು. ಮಕ್ಕಳಿಗೆ ಆ ರಾಗದಲ್ಲೇ ಪಾಠ ಶುರು ಮಾಡಿಸಿದವರು ಪುರಂದರದಾಸರು ಅಲ್ವಾ? ಅವರು ಹುಟ್ಟಿದ್ದು ಪುಣೆ ಕಡೆ ಅಲ್ಲ, ನಮ್ಮ ತೀರ್ಥಹಳ್ಳಿ ಹತ್ತಿರದ ಆರಗದ ಸೀಮೆಯಲ್ಲಿ ಎಂಬ ವಾದಕ್ಕೆ ಬಲ ಬಂದ ಮೇಲೆ ಇಲ್ಲಿನವರ ಹೆಮ್ಮೆ ನೋಡಬೇಕು ನೀನು. ದಾಸರು ನಮ್ಮವರು, ಸರಿ. ಆದರೆ ಜೂನಿಯರ್ ಪರೀಕ್ಷೆ ಮುಗಿಸಿದ ಮಕ್ಕಳು ಎಸ್ಸೆಸ್ಸೆಲ್ಸಿಗೆ ಬರುವಷ್ಟರಲ್ಲಿ ಮಾಯ. ಆಮೇಲೆ ಒಂದು ಕಛೇರಿಯಲ್ಲೂ ಕಾಣುವುದಿಲ್ಲ. ಕಲಿಯುವವರಿಗೆ ಬರವಿಲ್ಲ ಮಾರಾಯ, ಬರ ಇರುವುದು ಕೇಳುವವರಿಗೆ. ಮೊನ್ನೆ ಸಭೆಯಲ್ಲಿ ನನ್ನನ್ನು ಒಬ್ಬರು "ಯುವಕರು ಬರಬೇಕು, ನಿಮ್ಮಂಥವರು" ಎಂದರು. ನನ್ನ ತಲೆ ನೀನು ನೋಡಿದ್ದೀಯ.

ಇದಕ್ಕೆ ಎಲ್ಲರ ಹತ್ತಿರವೂ ಒಂದೇ ಕಾರಣ: ಈಗಿನವರಿಗೆ ತಾಳ್ಮೆ ಇಲ್ಲ. ಸನ್ಮಾನದ ಭಾಷಣದಲ್ಲಿ ಇದನ್ನು ಹೇಳದೆ ಯಾರೂ ಕೆಳಗಿಳಿಯುವುದಿಲ್ಲ. ಹೇಳುವುದಕ್ಕೆ ಅರ್ಧ ಗಂಟೆ ತೆಗೆದುಕೊಂಡು, ಗಾಯಕಿಗೆ ಒಂದು ರಾಗ ಕಡಿಮೆ ಮಾಡಿಸುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಯಕ್ಷಗಾನದ ಆಟಕ್ಕೆ ಈಗ ಕಾಲಮಿತಿ ಬಂದಿದೆ ನಿಜ, ಆದರೆ ಒಳ್ಳೆ ಭಾಗವತರಿದ್ದರೆ ನಮ್ಮ ಕಡೆ ಹುಡುಗರು ಬೆಳಗಿನವರೆಗೂ ಅಲ್ಲಾಡುವುದಿಲ್ಲ. ಒಂದು ಸೀರೀಸ್ ಶುರು ಮಾಡಿದರೆ ಒಂದೇ ರಾತ್ರಿಯಲ್ಲಿ ಮುಗಿಸಿ ಕೆಂಪು ಕಣ್ಣಲ್ಲಿ ಆಫೀಸಿಗೆ ಹೋಗುವವರೂ ಇವರೇ.

ಇನ್ನು ಚಿಕ್ಕದಾಗಿ ಕತ್ತರಿಸಿ ಕೇಳುವುದು ಈಗಿನ ರೋಗ ಎನ್ನುತ್ತಾರೆ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದೇ ಹೆಚ್ಚುಕಡಿಮೆ ಮೂರು ನಿಮಿಷ. ಆಕೆ ಆ ಮೂರು ನಿಮಿಷದಲ್ಲಿ ರಾಗ ತೋರಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಬೇರೆ ಕೂಗಿ ಹೇಳಬೇಕಿತ್ತು. ರೀಲ್ಸ್ ಮಾಡುವವರಿಗೆ ಅಷ್ಟು ಅಚ್ಚುಕಟ್ಟು ಎಲ್ಲಿಂದ ಬರಬೇಕು! ವರ್ಣದಿಂದ ಶುರುವಾಗಿ ಮಂಗಳದಲ್ಲಿ ಮುಗಿಯುವ ನಮ್ಮ ಕಛೇರಿಯ ಏರ್ಪಾಡು ಕೂಡ ಅನಾದಿಯಲ್ಲ. ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರರ ಕಾಲದಲ್ಲಿ, ಅಂದರೆ ಕಳೆದ ಶತಮಾನದಲ್ಲಿ, ಗಟ್ಟಿಯಾದದ್ದು. ಆಗಲೂ ಯಾರೋ ಹಿರಿಯರು ಮುಂದಿನ ಸಾಲಿನಲ್ಲಿ ಕೂತು "ಎಲ್ಲಾ ಕೆಟ್ಟುಹೋಯಿತು" ಎಂದಿರುತ್ತಾರೆ, ಬರೆದಿಟ್ಟುಕೋ.

ರೇಡಿಯೋ ಕಾಲದಲ್ಲಿ ಜನ ಕೇಳುತ್ತಿದ್ದರಲ್ಲ ಎಂದು ನೀನು ಕೇಳುತ್ತೀಯ. ಕೇಳುತ್ತಿದ್ದರು, ಬೇರೆ ದಾರಿ ಇರಲಿಲ್ಲ. 1952ರಲ್ಲಿ ಕೇಸ್ಕರ್ ಸಾಹೇಬರು ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಕತ್ತರಿ ಹಾಕಿದಾಗ ದೇಶವೆಲ್ಲ ರೇಡಿಯೋ ಸಿಲೋನಿಗೆ ತಿರುಗಿಕೊಂಡಿತು. ಕೊನೆಗೆ 1957ರಲ್ಲಿ ವಿವಿಧ ಭಾರತಿ ತೆರೆಯಬೇಕಾಯಿತು. ಜನರ ರುಚಿ ಎಂದೂ ಅಂಥಾ ಘನವಾಗೇನೂ ಇರಲಿಲ್ಲ. ಆದರೆ ಒಂದಿತ್ತು. 1965ರಲ್ಲಿ ಭದ್ರಾವತಿ ಕೇಂದ್ರ ಶುರುವಾದ ಮೇಲೆ ನಮ್ಮ ಘಟ್ಟದ ಮನೆಗಳಲ್ಲಿ ರೇಡಿಯೋ ಇದ್ದದ್ದು ಒಂದು, ಕಿವಿಗಳು ಹತ್ತು. ದೊಡ್ಡಮ್ಮನ ಮನೆಯ ಅಡಿಕೆ ಸುಲಿಯುವ ರಾತ್ರಿಗಳು ನಿನಗೆ ಗೊತ್ತು. ಮೆಟ್ಟುಗತ್ತಿಯ ಮುಂದೆ ಹೆಂಗಸರು ಸಾಲಾಗಿ ಕೂತು, ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ತನ್ನಷ್ಟಕ್ಕೆ ನಡೆಯುತ್ತಿತ್ತು. ಅವರ್ಯಾರಿಗೂ ರಾಗದ ಹೆಸರು ಬೇಕಿರಲಿಲ್ಲ. ದೊಡ್ಡಮ್ಮ ಮಾತ್ರ ಕತ್ತಿಯಿಂದ ಕಣ್ಣು ತೆಗೆಯದೆ, "ಇದು ಹೋದ ವಾರದ್ದರ ತಮ್ಮ ಕಣೇ" ಎನ್ನುತ್ತಿದ್ದರು. ಪಕ್ಕದವಳು, "ತಮ್ಮ ಅಲ್ಲ, ಅಳು ನೋಡಿದರೆ ತಂಗಿ" ಎನ್ನುತ್ತಿದ್ದಳು. ಹದಿನೈದು ನಿಮಿಷ ಇದರ ಮೇಲೆ ಜಗಳ. ಆಮೇಲೆ ನನಗೆ ಅನಿಸಿದ್ದು, ಅವರು ಹೇಳುತ್ತಿದ್ದದ್ದು ಒಂದು ರಾಗದಿಂದ ಇನ್ನೊಂದು ಹುಟ್ಟುವ ಜನ್ಯರಾಗದ ಲೆಕ್ಕವನ್ನೇ ಅಂತ.

ಈಗ ನನ್ನ ಜೇಬಿನಲ್ಲಿ ಎಲ್ಲಾ ಇದೆ. ಮಲ್ಲಿಕಾರ್ಜುನ ಮನ್ಸೂರರ ಬಹಾದುರಿ ತೋಡಿ ರಾತ್ರಿ ಎರಡಕ್ಕೂ ಸಿಗುತ್ತದೆ. ಬೆಳಗಿನ ರಾಗ ರಾತ್ರಿ ಕೇಳಬಾರದು ಎಂದು ಗದರುವವರಿಲ್ಲ. ಆದರೆ ನಾನು ಏನು ಮಾಡುತ್ತೇನೆ ಗೊತ್ತಾ? ಲೆಕ್ಕಪತ್ರ ನೋಡುವಾಗ ವೀಣೆ ಹಾಕುತ್ತೇನೆ, ನಿದ್ದೆ ಬಾರದಿದ್ದರೆ ದರ್ಬಾರಿ. "ಬಿಪಿಗೆ ಹತ್ತು ರಾಗಗಳು" ಎಂಬ ಪಟ್ಟಿ ಯಾರೋ ಕಳಿಸಿದ್ದರು, ಅದನ್ನೂ ಹಾಕಿದ್ದೇನೆ. ಬಿಪಿ ಇಳಿಯುವ ಮೊದಲು ಜಾಹೀರಾತು ಬಂತು. ನಿಧಾನಗತಿಯ ವಿಳಂಬಿತ್‌ನಲ್ಲಿ ಗಾಯಕರು ಗಾಂಧಾರ ಸ್ವರ ಹಿಡಿದು ನಿಂತಿದ್ದಾರೆ, ಇನ್ನೇನು ಮೇಲಕ್ಕೆ ಹೋಗಬೇಕು, ಅಷ್ಟರಲ್ಲಿ "ನಿಮ್ಮ ಕನಸಿನ ಸೈಟು ಈಗ ಕೈಗೆಟುಕುವ ದರದಲ್ಲಿ!" ಎಂದು ಒಬ್ಬ ಕಿರುಚಿದ. ಅವನದೂ ಶ್ರುತಿ ಇತ್ತು ಅನ್ನು.

ಸರಿ, ಹೇಳಬೇಕೆಂದುಕೊಂಡದ್ದಕ್ಕೆ ಬರುತ್ತೇನೆ.

ಮೊನ್ನೆಮೊನ್ನೆ ಒಂದು ಕಛೇರಿಗೆ ಹೋಗಿದ್ದೆ. ಹಾಡಿದ್ದು ಯಾರೆಂದು ಬೇಡ. ಭೈರವಿ ರಾಗ ತೆಗೆದುಕೊಂಡರು. ಹತ್ತುವಾಗ ಒಂದು ಧೈವತ, ಇಳಿಯುವಾಗ ಇನ್ನೊಂದು, ನಿಧಾನವಾಗಿ, ಅವಸರವಿಲ್ಲದೆ. ಒಂದು ಕಡೆ ಆಕೆ ನಿಷಾದದ ಮೇಲೆ ನಿಂತು ಅಲ್ಲಿಂದ ಜಾರಿ ಎಲ್ಲಿಗೋ ಬಂದರು. ನನ್ನ ಕತ್ತು ತಾನಾಗಿ ಎಡಕ್ಕೆ ತಿರುಗಿತು. ಎಡಗಡೆ ಕುರ್ಚಿಯಲ್ಲಿ ಯಾರೋ ಹೆಲ್ಮೆಟ್ ಇಟ್ಟು ಹೋಗಿದ್ದರು. ನಾನು ಆ ಹೆಲ್ಮೆಟನ್ನೇ ನೋಡಿದೆ. ಅದು ತಲೆದೂಗಲಿಲ್ಲ. ಈಗ ಆದದ್ದು ಚೆನ್ನಾಗಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ ಕಣೋ. ನಿಜವಾಗಿ ತಿಳಿಯಲಿಲ್ಲ.

ಇಷ್ಟು ವರ್ಷ ನಾನು ಕಛೇರಿ ಕೇಳಿದ್ದು ನಿನ್ನ ಮುಖದಲ್ಲಿ. ತೊಡೆಯ ಮೇಲೆ ನಿನ್ನ ಆದಿತಾಳ ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಪೆಟ್ಟು-ಹುಸಿ, ಪೆಟ್ಟು-ಹುಸಿ ಎಂದು ಹೋಗುತ್ತಿರುತ್ತದೆ. ಒಳ್ಳೆಯ ಜಾಗ ಬಂದರೆ ಉಂಗುರಬೆರಳಿನ ಹತ್ತಿರ ಕೈ ಅರೆಕ್ಷಣ ತಡೆಯುತ್ತದೆ, ಚಪ್ಪಲಿಯೊಳಗೆ ಹೆಬ್ಬೆರಳು ಮಡಚಿಕೊಳ್ಳುತ್ತದೆ. ಹಾಡಿದ್ದು ಸರಿಬರಲಿಲ್ಲವೆಂದರೆ ಕನ್ನಡಕ ತೆಗೆದು ಒರೆಸುತ್ತೀಯ. ನಿನಗೆ ಇದು ಗೊತ್ತೇ ಇಲ್ಲ ಅಂದುಕೊಂಡಿದ್ದೇನೆ. ನೀನು ಕನ್ನಡಕ ಒರೆಸಿದ್ದು ನೋಡಿ ನಾನು ಹೊರಗೆ ಬಂದು ನಾಲ್ಕು ಜನರ ಮುಂದೆ, ಒಂದೇ ಸಾಲನ್ನು ಬೆಳೆಸಿ ಹಾಡುವುದರ ಬಗ್ಗೆ, "ಇವತ್ತು ನೆರವಲ್ ಕೂರಲಿಲ್ಲ" ಎನ್ನುತ್ತಿದ್ದೆ. ಸ್ಥಳೀಯ ಪತ್ರಿಕೆಗೆ ಬರೆದ ವಿಮರ್ಶೆಗಳಿವೆಯಲ್ಲ, ಅವುಗಳಲ್ಲಿ "ಭಾವಪೂರ್ಣ" ಎಂದು ಎಲ್ಲೆಲ್ಲಿ ಬಂದಿದೆಯೋ ಅದೆಲ್ಲ ನಿನ್ನ ಹೆಬ್ಬೆರಳು. ಹಾಗೆ ಬರೆದೇ ಊರಲ್ಲಿ ನಾನು ಸಂಗೀತ ಬಲ್ಲವನಾದೆ. ಈಗ ಕಲಾವಿದರ ಪರಿಚಯ ಮಾಡಿಸಲು ನನ್ನನ್ನೇ ಕರೆಯುತ್ತಾರೆ.

ಕೇಳುವುದಕ್ಕೆ ಪಕ್ಕದಲ್ಲಿ ಇನ್ನೊಬ್ಬರು ಬೇಕು ಎಂಬುದನ್ನು ನಮ್ಮ ತುಂಗೆಯ ದಡದವರು ಮೊದಲೇ ಕಂಡುಕೊಂಡಿದ್ದರು ಅನಿಸುತ್ತದೆ. ಹೊಸಹಳ್ಳಿಯಲ್ಲಿ ಕಾವ್ಯವಾಚನದ ಗಮಕ ಕೇಳಿದ್ದೆವಲ್ಲ. ಅಲ್ಲಿ ಒಬ್ಬರು ಹಾಡುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. 2022ರಲ್ಲಿ ಪದ್ಮಶ್ರೀ ಬಂದ, ಈಗ ನಮ್ಮೊಂದಿಗಿಲ್ಲದ ಗಮಕಿ ಕೇಶವಮೂರ್ತಿಗಳು ಕುಮಾರವ್ಯಾಸನ ಒಂದು ಷಟ್ಪದಿ ಹಾಡಿ ನಿಲ್ಲಿಸಿದರೆ, ಆ ಪದ್ಯ ಪಕ್ಕದವರ ಬಾಯಲ್ಲಿ ಮತ್ತೊಮ್ಮೆ ಬಿಚ್ಚಿಕೊಳ್ಳಬೇಕಿತ್ತು. ಆಗಲೇ ಪೂರ್ತಿ. ಒಬ್ಬನೇ ಕೂತು ಕೇಳುವವನಿಗೆಂದು ಅದನ್ನು ಮಾಡಿಲ್ಲ. ಅಡಿಕೆ ಸುಲಿಯುವ ಹೆಂಗಸರದ್ದೂ ಅದೇ ಅಲ್ವಾ, ತಮ್ಮನೋ ತಂಗಿಯೋ ಎಂದು ಜಗಳಕ್ಕೆ ಒಬ್ಬಳು ಬೇಕು. ಈಗ ಎಲ್ಲರ ಕಿವಿಯಲ್ಲೂ ಬೇರೆ ಬೇರೆ ಹಾಡು, ಯಾರ ಜೊತೆ ಜಗಳ ಆಡುವುದು? ನಾನು ನಿನಗೆ ಲಿಂಕ್ ಕಳಿಸಿ "ಹದಿನಾಲ್ಕನೇ ನಿಮಿಷ ಕೇಳು" ಎಂದು ಬರೆಯುತ್ತೇನೆ. ಮರುಕ್ಷಣ ನಿನ್ನ ಹೆಬ್ಬೆಟ್ಟು ಬರುತ್ತದೆ. ಹದಿನಾಲ್ಕು ನಿಮಿಷ ಅಷ್ಟು ಬೇಗ ಹೇಗಯ್ಯಾ ಆಯಿತು?

ನೀನು ಊರು ಬಿಟ್ಟ ಮೇಲೆ ನಾನು ಒಂದು ಕಛೇರಿಯಲ್ಲೂ ಮಂಗಳದವರೆಗೆ ಕೂತಿಲ್ಲ. ಮೃದಂಗದ ತನಿಗೆ ಎದ್ದು ಹೊರಗೆ ಕಾಫಿಗೆ ಹೋದರೆ ಮತ್ತೆ ಒಳಗೆ ಹೋಗಬೇಕು ಅನಿಸುವುದಿಲ್ಲ. ಸಂಗೀತ ಬೇಸರ ಬಂದಿದೆ, ವಯಸ್ಸಾಯಿತು, ಈಗಿನವರ ಹಾಡಿನಲ್ಲಿ ಸತ್ವ ಇಲ್ಲ ಎಂದೆಲ್ಲ ಹೇಳಿಕೊಂಡು ತಿರುಗಿದೆ. ಎಲ್ಲರೂ ನಂಬಿದರು. ಬೇಸರ ಸಂಗೀತದ ಮೇಲಲ್ಲ ಕಣೋ. ಕಾಫಿ ಕಪ್ಪು ಹಿಡಿದು ಒಬ್ಬನೇ ಕಂಬಕ್ಕೆ ಒರಗಿ ನಿಲ್ಲುವುದು ನನಗೆ ಆಗುತ್ತಿಲ್ಲ.

ಸಾಕು. ಇದನ್ನು ಓದಿ ನಿನ್ನ ತಲೆ ದೊಡ್ಡದಾದರೆ ಟೋಪಿಯ ಖರ್ಚು ನನ್ನ ಮೇಲೆ ಹಾಕಬೇಡ. ನೀನೇನು ಮಹಾ ರಸಿಕನಲ್ಲ. ಕಾಂಬೋಧಿ, ಹರಿಕಾಂಬೋಧಿ ರಾಗಗಳ ವಿಷಯದಲ್ಲಿ ನೀನು ಮಾಡಿದ ಪಂಥ ನೆನಪಿದೆಯಲ್ಲ, ಅದನ್ನು ಇಲ್ಲಿ ಬಿಡಿಸಿ ಬರೆಯುತ್ತಿಲ್ಲ ಎಂಬುದೇ ನನ್ನ ದೊಡ್ಡ ಗುಣ. ಅದೂ ಅಲ್ಲದೆ, ಅಷ್ಟು ವರ್ಷ ನೀನು ಕನ್ನಡಕ ಒರೆಸಿದ್ದು ಬರೀ ಸೆಕೆಗೆ ಇದ್ದರೂ ಇರಬಹುದು. ಹಾಗಿದ್ದರೆ ನನ್ನ ವಿಮರ್ಶೆಗಳ ಗತಿ ಏನು ಎಂದು ನೆನೆದೇ ನಗು ಬರುತ್ತಿದೆ.

ಈ ಸಲ ರಾಮನವಮಿಗೆ ಬಾ. ಕಾರಣ ಹೇಳಬೇಡ. ಊರ ಪಕ್ಕದ ಸೋಗಾನೆಗೆ 2023ರಿಂದ ವಿಮಾನವೇ ಬರುತ್ತಿದೆ, ನಿನಗೆ ಮಾತ್ರ ಬರುವುದಕ್ಕಾಗುವುದಿಲ್ಲ. ಪಾನಕ ಕೋಸಂಬರಿ ನನ್ನ ಲೆಕ್ಕ. ಕೇಸರಿಬಾತ್ ಮಾತ್ರ ನೀನು ಮುಟ್ಟುವ ಹಾಗಿಲ್ಲ, ಯಾಕೆಂದು ನಿನಗೇ ಗೊತ್ತು.

ಇಷ್ಟು ಬರೆದು ಮನೆಯವಳಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನನಗೆ ಯಾವತ್ತಾದರೂ ಇಷ್ಟುದ್ದ ಬರೆದಿದ್ದೀರಾ?" ಎಂದಳು. ಉತ್ತರ ಹುಡುಕುತ್ತಿದ್ದೇನೆ. ನಿನಗೇನಾದರೂ ಹೊಳೆದರೆ ಬೇಗ ತಿಳಿಸು, ರಾತ್ರಿ ಊಟದ ಪ್ರಶ್ನೆ.

ನಿನ್ನ,
ಶ್ರುತಿಪೆಟ್ಟಿ