ತೊಗರಿಯ ಲೆಕ್ಕ, ನಿಕಿತಿನ್‌ನ ದಾರಿ: ಬೀದರಿನ ಗೆಳೆಯನಿಗೊಂದು ಪತ್ರ

ಪ್ರಿಯ ದೋಸ್ತ,

ನಮಸ್ಕಾರ. ನಿಮ್ಮ ಕಾಲೇಜಿನ ಹುಡುಗರನ್ನು ಕಲಬುರಗಿಗೆ ಕಳಿಸುವ ಮೊದಲು ನಮ್ಮ ಅಂತರರಾಷ್ಟ್ರೀಯ ಅಧ್ಯಯನ ಕೇಂದ್ರದಲ್ಲಿ ಏನೇನು ನಡೆದಿದೆ, ಅವರಿಗೆ ಎಂಥ ಕೆಲಸ ಸಿಗುತ್ತದೆ ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇದನ್ನು ಹುಡುಗರ ವಾಟ್ಸಾಪ್ ಗುಂಪಿಗೂ ಹಾಕು.

ಅಂತರರಾಷ್ಟ್ರೀಯ ಅಂದಕೂಡಲೇ ವಿದ್ಯಾರ್ಥಿಗಳು ವಿಶ್ವಸಂಸ್ಥೆ, ಅಮೆರಿಕದ ಚುನಾವಣೆ, ಉಕ್ರೇನ್ ಯುದ್ಧ ಅಂತ ಶುರು ಮಾಡುತ್ತಾರೆ. ಅದರ ಬಗ್ಗೆ ದಿಲ್ಲಿಯಲ್ಲಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಅವರ ಲೇಖನಗಳನ್ನೇ ಮುರಿದು ಕಟ್ಟಿ ನಾವು ಇನ್ನೊಂದು ಪ್ರಬಂಧ ಮಾಡಿದರೆ ಯಾರಿಗೂ ಉಪಯೋಗವಿಲ್ಲ. ಕಲಬುರಗಿ ಗಂಜ್‌ನಲ್ಲಿ, ಅಂದರೆ ಸಗಟು ಮಾರುಕಟ್ಟೆಯಲ್ಲಿ, ತೊಗರಿ ದರ ಯಾಕೆ ಬಿತ್ತು ಅಂತ ಕೇಳಿದರೆ ಮಾತ್ರ ಉತ್ತರ ಮೊಜಾಂಬಿಕ್‌ನ ಬಂದರಿನವರೆಗೂ ಹೋಗುತ್ತದೆ. ಆ ದಾರಿಯನ್ನು ಸರಿಯಾಗಿ ಹಿಡಿಯುವುದೇ ಕೇಂದ್ರದ ಸದ್ಯದ ದೊಡ್ಡ ಕೆಲಸ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. 2015ರಲ್ಲಿ ಬೇಳೆ ದರ ಏರಿ ದೇಶವೆಲ್ಲ ಗದ್ದಲವಾಯಿತಲ್ಲ, ಅದರ ಮರುವರ್ಷ ಜುಲೈನಲ್ಲಿ ಭಾರತ ಮೊಜಾಂಬಿಕ್ ಜೊತೆ ಬೇಳೆಕಾಳು ಖರೀದಿಯ ಒಪ್ಪಂದ ಮಾಡಿಕೊಂಡಿತು. ಹಂತಹಂತವಾಗಿ ವರ್ಷಕ್ಕೆ 2 ಲಕ್ಷ ಟನ್‌ವರೆಗೆ ತರುವುದೆಂದು ಮಾತು. ಅದೇ ಹಂಗಾಮಿನಲ್ಲಿ ನಮ್ಮ ಕಡೆ ಬಂಪರ್ ಬೆಳೆ ಬಂತು. ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ ಇದ್ದರೂ ಮಾರುಕಟ್ಟೆ ದರ ಅದಕ್ಕಿಂತ ಕೆಳಗಿಳಿಯಿತು. ಆಮೇಲೆ 2017ರ ಮಾರ್ಚ್‌ನಲ್ಲಿ ಶೇ 10 ಆಮದು ಸುಂಕ, ಆಗಸ್ಟ್‌ನಲ್ಲಿ ಆಮದಿಗೆ 2 ಲಕ್ಷ ಟನ್ ಮಿತಿ. 2021ರ ಮೇನಲ್ಲಿ ಮತ್ತೆ ಮುಕ್ತ. ಅದೇ ವರ್ಷ ಮೊಜಾಂಬಿಕ್ ಒಪ್ಪಂದವನ್ನು ಐದು ವರ್ಷ ಮುಂದುವರಿಸಿದರು, ಮಲಾವಿಯಿಂದ 50 ಸಾವಿರ ಟನ್, ಮ್ಯಾನ್ಮಾರ್‌ನಿಂದ 1 ಲಕ್ಷ ಟನ್ ತೊಗರಿ ಅಂತಲೂ ನಿಗದಿಯಾಯಿತು.

ಕಾಲದ ಲೆಕ್ಕ ಇದಕ್ಕಿಂತ ಮುಖ್ಯ. ನಮ್ಮಲ್ಲಿ ಬಿತ್ತುವುದು ಜೂನ್-ಜುಲೈ, ರಾಶಿ ಡಿಸೆಂಬರ್-ಜನವರಿ. ಮೊಜಾಂಬಿಕ್‌ನ ಜಾಂಬೆಜಿಯಾ, ನಂಪುಲಾ ಪ್ರಾಂತಗಳಲ್ಲಿ ಕೊಯ್ಲು ವರ್ಷದ ನಡುವೆ. ನಕಾಲಾ, ಬೇಯ್ರಾ ಬಂದರುಗಳಿಂದ ಹಡಗು ಹತ್ತಿ ಆ ಮಾಲು ನಮ್ಮ ರಾಶಿಗಿಂತ ಸ್ವಲ್ಪ ಮುಂಚೆ ಬಂದು ಇಳಿಯುತ್ತದೆ. ರೈತ ಹೊಲದಲ್ಲಿ ಕಟಾವಿಗೆ ಕಾಯುತ್ತಿರುವಾಗ ದಾಲ್ ಮಿಲ್ಲಿನವನ ಗೋದಾಮು ತುಂಬಿರುತ್ತದೆ. ಆದ್ದರಿಂದ ವರ್ಷದ ಒಟ್ಟು ಆಮದು ಎಷ್ಟು ಅಂತ ನೋಡಿದರೆ ಏನೂ ತಿಳಿಯುವುದಿಲ್ಲ, ತಿಂಗಳವಾರು ನೋಡಬೇಕು.

ಇನ್ನು ಅಂಕಿಅಂಶದ ಮಾತು. ನಿಮ್ಮ ಹುಡುಗರು ಜಾರುವುದು ಇಲ್ಲಿಯೇ, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಒಣ ತೊಗರಿಯ ಅಂತರರಾಷ್ಟ್ರೀಯ ಸರಕು ಸಂಕೇತ 071360. ಕೇಂದ್ರ ವಾಣಿಜ್ಯ ಸಚಿವಾಲಯದ ದತ್ತಾಂಶ ತಾಣದಲ್ಲೂ ವಿಶ್ವಸಂಸ್ಥೆಯ ವ್ಯಾಪಾರ ಅಂಕಿಅಂಶಗಳ ತಾಣವಾದ ಕಾಮ್‌ಟ್ರೇಡ್‌ನಲ್ಲೂ ಇದನ್ನೇ ಹಾಕಿ ಹುಡುಕಬೇಕು. ಇಳಿಸಿಕೊಂಡ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್ ಮುಂದಿನ ಸೊನ್ನೆಯನ್ನು ನುಂಗಿಬಿಡುತ್ತದೆ, 071360 ಹೋಗಿ 71360 ಆಗುತ್ತದೆ. ಆಮೇಲೆ ಮೊದಲ ಎರಡು ಅಂಕಿ ಹಿಡಿದು ಅಧ್ಯಾಯವಾರು ವಿಂಗಡಿಸಿದರೆ ನಮ್ಮ ತೊಗರಿ 71ನೇ ಅಧ್ಯಾಯಕ್ಕೆ, ಅಂದರೆ ಮುತ್ತು ರತ್ನ ಬಂಗಾರದ ಸಾಲಿಗೆ ಹೋಗಿ ಕೂರುತ್ತದೆ. ರೈತರಿಗೆ ಆ ದರ ಸಿಕ್ಕರೆ ಯಾರು ಬೇಡ ಅಂತಾರೆ! ಖಾಲಿ ಹಾಳೆ ತೆರೆದು, ಡೇಟಾ ಮೆನುವಿನಿಂದ ಫೈಲನ್ನು ಒಳಗೆ ತಂದು, ಸಂಕೇತದ ಕಾಲಂ ಅನ್ನು ಟೆಕ್ಸ್ಟ್ ಅಂತ ಗೊತ್ತುಪಡಿಸಿಯೇ ಮುಂದೆ ಹೋಗಬೇಕು.

ಎರಡನೆಯದು, ಕಾಮ್‌ಟ್ರೇಡ್ ಪಟ್ಟಿಯಲ್ಲಿ ಒಂದೊಂದು ದೇಶದ ಸಾಲಿನ ಜೊತೆಗೆ ‘ವರ್ಲ್ಡ್’ ಅಂತ ಒಂದು ಸಾಲು ಇರುತ್ತದೆ, ಅದರ ಪಾಲುದಾರ ಸಂಕೇತ 0. ಅದು ಉಳಿದವೆಲ್ಲವುಗಳ ಮೊತ್ತ. ಇಡೀ ಕಾಲಂ ಆಯ್ದು ಕೂಡಿಸಿದರೆ ಆಮದು ಸರಿಯಾಗಿ ಎರಡು ಪಟ್ಟು ಕಾಣುತ್ತದೆ. ಉತ್ತರ ದೊಡ್ಡದಾಗಿ ಬಂತು ಅಂತ ಹುಡುಗರು ಖುಷಿಯಲ್ಲಿ ಅದನ್ನೇ ಶೀರ್ಷಿಕೆ ಮಾಡುತ್ತಾರೆ. ಕೂಡಿಸುವ ಮೊದಲು ಆ ಸಾಲನ್ನು ಬೇರೆ ತೆಗೆದಿಟ್ಟು, ಕೊನೆಗೆ ನಮ್ಮ ಮೊತ್ತ ಅದಕ್ಕೆ ತಾಳೆಯಾಗುತ್ತದೋ ಇಲ್ಲವೋ ನೋಡಿಕೊಳ್ಳಲು ಬಳಸಬೇಕು.

ತೊಗರಿಗೆ ಪ್ರತ್ಯೇಕ ಆರಂಕಿ ಸಂಕೇತ ಸಿಕ್ಕಿದ್ದೇ 2012ರಲ್ಲಿ. ಅದಕ್ಕಿಂತ ಹಿಂದೆ ಈ ಮಟ್ಟದಲ್ಲಿ ಅದು ‘ಇತರೆ’ ಕಾಳುಗಳೊಳಗೆ ಕರಗಿತ್ತು. 2011ರಲ್ಲಿ ಸೊನ್ನೆ, 2012ರಲ್ಲಿ ಜಿಗಿತ ಅಂತ ಯಾರಾದರೂ ಗ್ರಾಫ್ ತೋರಿಸಿದರೆ ಅದು ವ್ಯಾಪಾರ ಬೆಳೆದದ್ದಲ್ಲ, ಪಟ್ಟಿ ಬದಲಾದದ್ದು. ಇನ್ನೊಂದು ಸೂಕ್ಷ್ಮ ಇದೆ: ಇಡೀ ಕಾಳು, ಒಡೆದ ಬೇಳೆ ಎರಡೂ ಈ ಒಂದೇ ಸಂಕೇತದಲ್ಲಿ ಬರುತ್ತವೆ. ನಮ್ಮ ದೇಶಕ್ಕೆ ಬರುವುದು ಹೆಚ್ಚಾಗಿ ಇಡೀ ಕಾಳು, ಇಲ್ಲಿಂದ ಹೊರಗೆ ಹೋಗುವುದು ಬೇಳೆ. ಆಮದಿನ ಟನ್ ಬೆಲೆ, ರಫ್ತಿನ ಟನ್ ಬೆಲೆ ಪಕ್ಕಪಕ್ಕ ಇಟ್ಟು “ಅಗ್ಗಕ್ಕೆ ಕೊಂಡು ತುಟ್ಟಿಗೆ ಮಾರುತ್ತಾರೆ” ಅಂತ ಬರೆದ ಪ್ರಬಂಧವನ್ನು ನಾವು ವಾಪಸ್ ಕಳಿಸುತ್ತೇವೆ. ನೂರು ಕಿಲೋ ಕಾಳಿಗೆ ಮಿಲ್ಲಿನಲ್ಲಿ ಎಪ್ಪತ್ತರಿಂದ ಎಪ್ಪತ್ತೈದು ಕಿಲೋ ಬೇಳೆ ಬಂದರೆ ಅದೇ ಒಳ್ಳೆಯ ಇಳುವರಿ. ಉಳಿದದ್ದು ಹೊಟ್ಟು, ನುಚ್ಚು.

ಮೊಜಾಂಬಿಕ್ ಕಳಿಸಿದ್ದೇವೆ ಅನ್ನುವ ಅಂಕಿಯೂ ಭಾರತ ತರಿಸಿಕೊಂಡಿದ್ದೇವೆ ಅನ್ನುವ ಅಂಕಿಯೂ ಎಂದೂ ಕೂಡುವುದಿಲ್ಲ. ಕೂಡಿದರೆ ನಾನು ಅನುಮಾನ ಪಡುತ್ತೇನೆ. ರಫ್ತನ್ನು ಹಡಗು ಹತ್ತುವವರೆಗಿನ ಬೆಲೆಯಲ್ಲಿ ಬರೆಯುತ್ತಾರೆ, ಆಮದಿಗೆ ಸಾಗಣೆ, ವಿಮೆ ಸೇರುತ್ತದೆ. ಡಿಸೆಂಬರ್‌ನಲ್ಲಿ ಹೊರಟ ಮಾಲು ಜನವರಿಯಲ್ಲಿ ಇಳಿದರೆ ವರ್ಷವೇ ಬೇರೆ. ದುಬೈ ವ್ಯಾಪಾರಿಯ ಕೈಯಿಂದ ಬಂದದ್ದಾದರೆ ಕಳಿಸಿದವರ ಪುಸ್ತಕದಲ್ಲಿ ಎಮಿರೇಟ್ಸ್ ಹೆಸರು, ನಮ್ಮ ಪುಸ್ತಕದಲ್ಲಿ ಬೆಳೆದ ದೇಶದ ಹೆಸರು. ಸಾಲದ್ದಕ್ಕೆ ಕಾಮ್‌ಟ್ರೇಡ್‌ನ ವಾರ್ಷಿಕ ಪಟ್ಟಿ ಜನವರಿಯಿಂದ, ನಮ್ಮ ಸರ್ಕಾರದ್ದು ಏಪ್ರಿಲ್‌ನಿಂದ, ಕೃಷಿ ಇಲಾಖೆಯ ಬೆಳೆ ವರ್ಷ ಜುಲೈನಿಂದ. ಯಾವ ವರ್ಷ ಅಂತ ಪ್ರತಿ ಕೋಷ್ಟಕದ ತಲೆಯ ಮೇಲೆ ಬರೆಯದಿದ್ದರೆ ನಾವು ಓದುವುದೇ ಇಲ್ಲ.

ದರ ಹೋಲಿಸುವ ಲೆಕ್ಕ ಸುಲಭ, ತಪ್ಪುವುದೂ ಅಷ್ಟೇ ಸುಲಭ. ಉದಾಹರಣೆಗೆ ಬಂದರಿಗೆ ಬಂದ ಮಾಲು ಟನ್ನಿಗೆ 800 ಡಾಲರ್, ಡಾಲರಿಗೆ 85 ರೂಪಾಯಿ ಅಂತ ಇಟ್ಟುಕೋ. ಟನ್ನಿಗೆ 68,000, ಕ್ವಿಂಟಲ್‌ಗೆ 6,800. ಇದನ್ನು ನೇರ ಗಂಜ್ ದರದ ಪಕ್ಕ ಇಡುವಂತಿಲ್ಲ. ಬಂದರಿನ ಖರ್ಚು, ಲಾರಿ ಬಾಡಿಗೆ, ಗೋದಾಮಿನಲ್ಲಿ ಆಗುವ ನಷ್ಟ ಎಲ್ಲ ಸೇರಬೇಕು. ಗಂಜ್ ಕಡೆಯಿಂದ ಅಡತ್ (ದಲ್ಲಾಳಿ ಕಮಿಷನ್), ಹಮಾಲಿ, ಚೀಲದ ಖರ್ಚು ನೋಡಬೇಕು. ಡಾಲರ್ ದರ ಆಮದಾದ ತಿಂಗಳದ್ದೇ ಆಗಬೇಕು, ಬರೆಯುವ ದಿನದ್ದಲ್ಲ. ಕೃಷಿ ಮಾರುಕಟ್ಟೆ ದರಗಳ ಸರ್ಕಾರಿ ತಾಣ ಅಗ್‌ಮಾರ್ಕ್‌ನೆಟ್‌ನಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ದರ ಇರುತ್ತವೆ. ಮಾದರಿ ದರ ಅಂದರೆ ಅವತ್ತು ಹೆಚ್ಚು ಮಾಲು ಮಾರಾಟವಾದ ದರ, ಕನಿಷ್ಠ-ಗರಿಷ್ಠಗಳ ಸರಾಸರಿ ಅಲ್ಲ. ಆವಕ ತೀರ ಕಡಿಮೆ ಇದ್ದ ದಿನದ ದರವನ್ನು ನಾವು ಲೆಕ್ಕದಿಂದ ಬಿಡುತ್ತೇವೆ. ನಾಲ್ಕೇ ಚೀಲ ಮಾರಿದ ದಿನದ ದರದಿಂದ ಯಾವ ಸಿದ್ಧಾಂತವನ್ನೂ ಕಟ್ಟಲಾಗದು.

ಆದೇಶಗಳನ್ನು ಓದುವ ಅಭ್ಯಾಸವೂ ವಾರಕ್ಕೊಮ್ಮೆ ನಡೆಯುತ್ತದೆ. ನನ್ನ ಮಟ್ಟಿಗೆ ಕೇಂದ್ರದ ಅತ್ಯಂತ ಉಪಯುಕ್ತ ತಾಸು ಅದೇ. ಯಾವ ಸರಕು ತರಬಹುದು, ಎಷ್ಟು ತರಬಹುದು ಅನ್ನುವುದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅಧಿಸೂಚನೆ. ಸುಂಕ ಎಷ್ಟು ಅನ್ನುವುದು ಹಣಕಾಸು ಸಚಿವಾಲಯದ ಅಧಿಸೂಚನೆ. ಪತ್ರಿಕೆಯಲ್ಲಿ ‘ಆಮದು ಮುಕ್ತ’ ಅಂತ ಬಂದರೆ ಸುಂಕ ಇಲ್ಲ ಅಂತ ತಿಳಿಯುವವರೇ ಹೆಚ್ಚು. ಎರಡೂ ಬೇರೆ. ಶೇ 10 ಸುಂಕ ಇದ್ದಾಗಲೂ ಅತಿ ಹಿಂದುಳಿದ ದೇಶಗಳ ಪಟ್ಟಿಯಲ್ಲಿರುವ ಮೊಜಾಂಬಿಕ್, ಮಲಾವಿ, ಮ್ಯಾನ್ಮಾರ್‌ಗಳ ತೊಗರಿಗೆ ವಿನಾಯಿತಿ ಇತ್ತು. ಆ ಸುಂಕ ನಮ್ಮ ರೈತನನ್ನು ಕಾಯಿತು ಅಂತ ಬರೆಯುವ ಮೊದಲು, ಅದು ಯಾರ ಮಾಲಿಗೆ ತಗಲಿತು ಅಂತ ಕೇಳಲು ಹುಡುಗರಿಗೆ ಕಲಿಸಬೇಕು.

ಆನ್‌ಲೈನ್ ಉಪನ್ಯಾಸಗಳು ನಡೆದಿವೆ. ಮೊಜಾಂಬಿಕ್‌ನ ರಾಜಧಾನಿ ಮಪುಟೊ ನಮಗಿಂತ ಮೂರೂವರೆ ತಾಸು ಹಿಂದೆ, ಮ್ಯಾನ್ಮಾರ್‌ನ ಯಾಂಗೂನ್ ಒಂದು ತಾಸು ಮುಂದೆ. ಮಪುಟೊದಲ್ಲಿ ಬೆಳಗ್ಗೆ 11 ಅಂದರೆ ನಮ್ಮಲ್ಲಿ ಮಧ್ಯಾಹ್ನ ಎರಡೂವರೆ, ಊಟ ಮುಗಿದು ಕಣ್ಣೆಳೆಯುವ ಹೊತ್ತು. ಬೇಸಿಗೆಯಲ್ಲಂತೂ ಕೇಳಬೇಡ. ಆಮಂತ್ರಣದಲ್ಲಿ ಎರಡೂ ಊರಿನ ಗಂಟೆ ಬರೆ. ಮೊಜಾಂಬಿಕ್‌ನ ಸರ್ಕಾರಿ ಭಾಷೆ ಪೋರ್ಚುಗೀಸ್, ಹಾಗಾಗಿ ಮಾತನಾಡುವವರು ಸ್ಲೈಡುಗಳನ್ನು ಮುಂಚೆಯೇ ಕಳಿಸಿದರೆ ಯಂತ್ರಾನುವಾದ ಮಾಡಿ, ಅಂಕಿಗಳನ್ನು ಮಾತ್ರ ಕೈಯಿಂದ ತಾಳೆ ನೋಡುತ್ತೇವೆ. ಪೋರ್ಚುಗೀಸ್ ಬರಹದಲ್ಲಿ ದಶಮಾಂಶಕ್ಕೆ ಅಲ್ಪವಿರಾಮ, ಸಾವಿರಕ್ಕೆ ಚುಕ್ಕಿ ಬಳಸುತ್ತಾರೆ. 1.250 ಟನ್ ಅಂದರೆ ಒಂದೂಕಾಲು ಟನ್ ಅಲ್ಲ, ಸಾವಿರದ ಇನ್ನೂರೈವತ್ತು.

ವಿದೇಶಿ ವಿದ್ವಾಂಸರನ್ನು ನೇರವಾಗಿ ಕರೆಸುವ ಯೋಚನೆ ನಿಮಗಿದ್ದರೆ, ಕಾಗದಪತ್ರಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ ಅನ್ನುವುದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೋ. ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಗೃಹ ಸಚಿವಾಲಯ, ವಿದೇಶಾಂಗ ಸಚಿವಾಲಯಗಳ ಅನುಮತಿ, ಬರುವವರಿಗೆ ಸಮ್ಮೇಳನ ವೀಸಾ. ಪ್ರವಾಸಿ ವೀಸಾದ ಮೇಲೆ ಗೋಳಗುಮ್ಮಟ ನೋಡಲು ಬಂದವರನ್ನು ವೇದಿಕೆ ಹತ್ತಿಸುವ ಸಾಹಸ ಬೇಡ. ಅವರು ಉಳಿದುಕೊಂಡ ಅತಿಥಿಗೃಹದವರು ಇಪ್ಪತ್ನಾಲ್ಕು ತಾಸಿನೊಳಗೆ ವಿದೇಶಿ ಅತಿಥಿಯ ವಿವರದ ಫಾರ್ಮ್ (ಮೊದಲು ಸಿ ಫಾರ್ಮ್ ಅನ್ನುತ್ತಿದ್ದರು) ತುಂಬಲೇಬೇಕು. ರಾತ್ರಿ ಪಾಳಿಯ ಹುಡುಗನಿಗೆ ಇದು ಗೊತ್ತಿರುವುದಿಲ್ಲ, ಕೋಣೆ ಕಾಯ್ದಿರಿಸುವಾಗಲೇ ವ್ಯವಸ್ಥಾಪಕರಿಗೆ ಹೇಳಿ ಪಾಸ್‌ಪೋರ್ಟ್, ವೀಸಾ ಪ್ರತಿ ಕೊಟ್ಟುಬಿಡು. ನನ್ನ ಕೇಳಿದರೆ, ದೊಡ್ಡ ಬ್ಯಾನರಿನ ಸಮ್ಮೇಳನಕ್ಕಿಂತ ಒಂದೂವರೆ ತಾಸಿನ ಆನ್‌ಲೈನ್ ಮಾತು ಮೇಲು. ಶಾಲು, ಹಾರ, ನೆನಪಿನ ಕಾಣಿಕೆಯಲ್ಲೇ ಅರ್ಧ ದಿನ ಕಳೆಯುವುದಿಲ್ಲ.

ಇನ್ನು ನಿಮ್ಮ ಬೀದರಿನ ಕೆಲಸ. ಹದಿನೈದನೇ ಶತಮಾನದಲ್ಲಿ ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್ ಹೊರ್ಮುಜ್‌ನಿಂದ ಹಡಗಿನಲ್ಲಿ ಕೊಂಕಣ ಕರಾವಳಿಯ ಚೌಲ್ ಬಂದರಿಗೆ ಬಂದು, ಜುನ್ನರ್ ದಾಟಿ ಬೀದರ್ ತಲುಪಿದ. ಮಾರಲು ಒಂದು ಕುದುರೆ ತಂದಿದ್ದ. ಆಗ ಬಹಮನಿ ಆಡಳಿತ ಇರಾನಿನ ಗಿಲಾನಿನಿಂದ ಬಂದ ಮಹಮೂದ್ ಗವಾನನ ಕೈಯಲ್ಲಿತ್ತು. ಆತ ಆಟೋಮನ್ ಸುಲ್ತಾನನವರೆಗೂ ಪತ್ರ ಬರೆಯುತ್ತಿದ್ದವನು, 1472ರಲ್ಲಿ ಮದರಸಾ ಕಟ್ಟಿಸಿದವನು. ಗುಮ್ಮಟ, ಕೋಟೆಗಳ ಫೋಟೊ ತೆಗೆದು ‘ಪಾರಂಪರಿಕ ನಡಿಗೆ’ ಅನ್ನುವುದು ಸಾಕು, ಕುದುರೆ ವ್ಯಾಪಾರದ ನಕ್ಷೆ ಮಾಡೋಣ.

ಕೋಷ್ಟಕದಲ್ಲಿ ಐದು ಕಾಲಂ ಇರಲಿ: ನಿಕಿತಿನ್ ಬರೆದ ಹೆಸರು, ಇಂದಿನ ಹೆಸರು, ಅಕ್ಷಾಂಶ, ರೇಖಾಂಶ, ಆತ ಹೇಳಿದ ದೂರ. ನಮ್ಮ ಆಳಂದದ ಜಾತ್ರೆಯನ್ನು ಆತ ವಿಶೇಷವಾಗಿ ಬರೆದಿದ್ದಾನೆ: ಹತ್ತು ದಿನದ ಸಂತೆ, ಇಪ್ಪತ್ತು ಸಾವಿರದವರೆಗೆ ಕುದುರೆ, ಬೀದರಿನಿಂದ ಹನ್ನೆರಡು ಕೋಸು. ಕುದುರೆಗಳ ಸಂಖ್ಯೆಯನ್ನು ಆತ ಹೇಳಿದ್ದು ಅಂತಲೇ ಬರೆಯಬೇಕು, ಎಣಿಸಿದ್ದು ಅಂತಲ್ಲ. ಆತನ ಕೋಸು ಹತ್ತು ರಷ್ಯನ್ ವೆರ್ಸ್ಟ್, ವೆರ್ಸ್ಟ್ ಅಂದರೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು. ಆ ಲೆಕ್ಕದಲ್ಲಿ ಆಳಂದ 128 ಕಿಲೋಮೀಟರ್ ಆಗುತ್ತದೆ, ಈಗಿನ ದಾರಿಗಿಂತ ದೂರ. ಎಲ್ಲ ಊರುಗಳಿಗೂ ಇದೇ ಲೆಕ್ಕ ಹಾಕಿದರೆ ಆತ ಎಲ್ಲೆಲ್ಲಿ ಕಣ್ಣಂದಾಜು ಮಾಡಿದ್ದಾನೆ ಅಂತ ತಿಳಿಯುತ್ತದೆ.

ನಕ್ಷೆಯಲ್ಲಿ ಎರಡು ಕಡೆ ಎಡವುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಆಳಂದ ಅಂತಷ್ಟೇ ಕೊಟ್ಟರೆ ತಂತ್ರಾಂಶ ಫಿನ್ಲೆಂಡಿನ ಓಲಂಡ್ ದ್ವೀಪಗಳಿಗೆ ಕರೆದೊಯ್ಯಬಹುದು, ಜಿಲ್ಲೆ, ರಾಜ್ಯದ ಹೆಸರು ಸೇರಿಸಬೇಕು. ಅಕ್ಷಾಂಶ, ರೇಖಾಂಶ ಅದಲುಬದಲಾದರಂತೂ ಬೀದರ್ ನೇರ ಉತ್ತರ ಧ್ರುವದ ಕಡೆಯ ಸ್ವಾಲ್‌ಬಾರ್ಡ್‌ಗೆ ಹೋಗುತ್ತದೆ. ನಮ್ಮ ಕಡೆ 17-18 ಅಂತ ಬಂದರೆ ಅಕ್ಷಾಂಶ, 76-77 ಅಂತ ಬಂದರೆ ರೇಖಾಂಶ. ಇಷ್ಟು ನೆನಪಿದ್ದರೆ ಸಾಕು.

ಹುಡುಗರು ಹುಮನಾಬಾದ್ ಮೇಲಿನ ರೈಲಿಗೆ ಬರಲಿ, ಬಸ್ಸಿಗಿಂತ ಸಲೀಸು. ಲ್ಯಾಪ್‌ಟಾಪ್ ಇದ್ದವರು ತರಲಿ, ಇಲ್ಲದವರಿಗೆ ಇಲ್ಲಿನ ಲ್ಯಾಬ್ ಇದೆ. ಬರುವ ಮೊದಲು ಒಬ್ಬೊಬ್ಬರೂ ತಮ್ಮ ಊರಿಗೆ ಹತ್ತಿರದ ಮಾರುಕಟ್ಟೆಯ, ಅಂದರೆ ಬೀದರ್, ಭಾಲ್ಕಿ, ಹುಮನಾಬಾದ್ ಯಾವುದಾದರೂ ಒಂದರ, ಒಂದು ಹಂಗಾಮಿನ ತೊಗರಿ ದರವನ್ನು ದಿನವಾರು ಇಳಿಸಿಕೊಂಡು ತರಬೇಕು. ಆವಕದ ಕಾಲಂ ಬಿಡಬಾರದು, ದರ ಖಾಲಿ ಇದ್ದ ದಿನಕ್ಕೆ ಸೊನ್ನೆ ತುಂಬಬಾರದು, ಖಾಲಿಯೇ ಬಿಡಲಿ. ಉಳಿದದ್ದು ಬಂದ ಮೇಲೆ ಕೂತು ಮಾಡೋಣ. ಎಷ್ಟು ಜನ ಬರುತ್ತಾರೆ ಅಂತ ಒಂದು ವಾರ ಮೊದಲು ತಿಳಿಸು, ಹಾಸ್ಟೆಲ್ ಮೆಸ್ಸಿಗೆ ಹೇಳಬೇಕು.

ಇಂತಿ ನಿನ್ನ,
ಕಲಬುರಗಿಯ ದೋಸ್ತ